ಮದುಮಗನ ಉಗುರು

ನನ್ನ ಅಂಗಡಿಯ ಕುರ್ಚಿ ಸಾಗುವಾನಿಯದು, ನಮ್ಮಪ್ಪ ಮಾಡಿಸಿದ್ದು. ಈಗ ಅದರಲ್ಲಿ ಹೆಚ್ಚು ಹೊತ್ತು ಕೂರುವುದು ಎದುರಿನ ಟೀ ಅಂಗಡಿಯ ಬೆಕ್ಕು. ಊರಿನ ಗಂಡಸರು ಗಡ್ಡ ಬಿಟ್ಟುಕೊಂಡು ನನ್ನ ಬಾಗಿಲ ಮುಂದೆಯೇ ಹಾದು, ಎರಡು ಮೈಲಿ ನಡೆದು, ಪಕ್ಕದೂರಿನ ಹೊಸ ಸೆಲೂನಿಗೆ ಹೋಗುತ್ತಾರೆ. ನನ್ನ ಕೈ ನಡುಗುವುದಿಲ್ಲ, ಕತ್ತಿ ಮೊಂಡಾಗಿಲ್ಲ. ಬಾಯಿ ಸ್ವಲ್ಪ ಒರಟು, ಒಪ್ಪುತ್ತೇನೆ. ಆದರೆ ಅವರು ಬರದಿರುವುದು ಅದಕ್ಕಲ್ಲ, ಅವರ ಗುಟ್ಟು ನನಗೆ ಗೊತ್ತಿದೆ ಎನ್ನುವುದಕ್ಕೆ.

ಹನ್ನೆರಡು ವರ್ಷಗಳ ಹಿಂದೆ ಮಂಡಲ ಕೇಂದ್ರದ ಸರ್ಕಾರಿ ಆಸ್ಪತ್ರೆಯವರು ನನ್ನನ್ನು ಕರೆಸಿದರು. ಮಕ್ಕಳು ಸಾಕು ಎನ್ನುವ ಗಂಡಸರಿಗೆ ಆಪರೇಷನ್ ಮಾಡುವ ಕ್ಯಾಂಪು ಶುರುವಾಗಿತ್ತು. ಆಪರೇಷನ್ನಿಗೆ ಮುಂಚೆ ಆ ಜಾಗ ಬೋಳಿಸಿ ಶುಚಿ ಮಾಡಿಕೊಡಲು ಒಬ್ಬ ಕ್ಷೌರದವನು ಬೇಕಿತ್ತು. ಡಾಕ್ಟರು ಮೊದಲ ದಿನವೇ ಹೇಳಿದರು: "ಕೊಮುರಯ್ಯ, ಇಲ್ಲಿ ನೋಡಿದ್ದು ಇಲ್ಲೇ ಬಿಟ್ಟು ಹೋಗ್ಬೇಕು. ಹೆಂಡತಿ ಹತ್ರಾನೂ ಬಾಯಿ ಬಿಡಬಾರದು." ನಾನು ಬಿಡಲಿಲ್ಲ. ಇವತ್ತಿಗೂ ನನ್ನ ಬಾಯಿಂದ ಒಂದು ಹೆಸರು ಹೊರಗೆ ಬಂದಿಲ್ಲ, ನನ್ನ ಗೆಳೆಯ ಐಲಯ್ಯನದೊಂದು ಬಿಟ್ಟು. ಅದೂ ಅವನೇ ಹೇಳಿಕೊಂಡ ಮೇಲೆ ಹೇಳುತ್ತಿರುವುದು.

ಕ್ಯಾಂಪಿಗೆ ಬಂದವರೇ ಕಡಿಮೆ. ಇನ್ನೂರು ಮನೆಯ ನಮ್ಮೂರಿಂದ ಇಷ್ಟು ವರ್ಷದಲ್ಲಿ ಹತ್ತೊಂಬತ್ತು ಜನ. ಉಳಿದವರೆಲ್ಲ ಹೆಂಡತಿಯರನ್ನು ಕಳಿಸಿದರು. ಹೆಂಡತಿ ಅಳುತ್ತ ಆಸ್ಪತ್ರೆಯ ಜೀಪು ಹತ್ತಿದರೆ ಯಾರೂ ತಿರುಗಿ ನೋಡುವುದಿಲ್ಲ. ಗಂಡ ಹತ್ತಿದರೆ ಊರಿಗೆ ಊರೇ ಹಲ್ಲು ಕಿರಿಯುತ್ತದೆ. ಹೋರಿಗೆ ಬೀಜ ಒಡೆಯುವ ಹಾಗೆ ಇದೂ ಅಂದುಕೊಂಡಿದ್ದಾರೆ ಮುಠ್ಠಾಳರು. ಆಮೇಲೆ ಮೂಟೆ ಹೊರಲಾಗುವುದಿಲ್ಲವಂತೆ, ದನಿ ಹೆಣ್ಣಾಗುತ್ತದಂತೆ, ಹೆಂಡತಿ ಮಾತು ಕೇಳುವುದಿಲ್ಲವಂತೆ. ಮೊದಲೇನು ಕೇಳುತ್ತಿದ್ದಳೋ! ಬಂದವರು ತಾನೆ ಹೇಗೆ ಬಂದರು? ಒಬ್ಬ ಮೇಷ್ಟ್ರು ಮುಖಕ್ಕೆ ಟವೆಲ್ ಸುತ್ತಿಕೊಂಡು ಬಂದ. ನಾನು ಮುಖ ನೋಡಬಾರದಂತೆ, ಉಳಿದದ್ದನ್ನು ನೋಡಬಹುದಂತೆ. ನಗು ತಡೆದುಕೊಳ್ಳಲು ನಾನು ಬ್ಲೇಡು ಹುಡುಕುವವನಂತೆ ಆಚೆ ಹೋಗಬೇಕಾಯಿತು.

ಅಲ್ಲಿಂದ ಬಂದ ಮೇಲೆ ಅವರಲ್ಲಿ ಒಬ್ಬರೂ ನನ್ನ ಕುರ್ಚಿ ಹತ್ತಲಿಲ್ಲ. ಎದುರಿಗೆ ಸಿಕ್ಕರೆ ದಾರಿ ಬದಲಿಸುತ್ತಿದ್ದರು. ಇನ್ನುಳಿದವರನ್ನು ಟೀ ಅಂಗಡಿಯ ಓದೇಲು ಓಡಿಸಿದ. ಯಾರಾದರೂ ಬಂದು ಕೂತರೆ ಸಾಕು, ಟೀ ಸೋಸುತ್ತಲೇ ಕೂಗುತ್ತಿದ್ದ: "ಕೊಮುರಯ್ಯಾ, ಮೇಲೆ ಮಾತ್ರಾನಾ, ಕೆಳಗೂನಾ?" ಬೀದಿಯೆಲ್ಲ ಘೊಳ್ಳನೆ ನಗುವುದು. ಎರಡನೆಯ ಸಲ ಯಾವ ಗಂಡಸು ಬರುತ್ತಾನೆ? ಹೀಗೆ ನನ್ನ ಗಿರಾಕಿಗಳು ಕರಗಿದರು. ಮಕ್ಕಳು, ತೀರ ಮುದುಕರು, ಮದುವೆ, ಸಾವು, ಮಗುವಿನ ಮೊದಲ ತಲೆಗೂದಲು ಇಷ್ಟೇ ಉಳಿದವು.

ಇದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದೇ ಹೋದದ್ದು ಐಲಯ್ಯನದು.

ಐಲಯ್ಯ ತಾಳೆಮರ ಹತ್ತಿ ಸೇಂದಿ ಇಳಿಸುವವನು. ನನಗಿಂತ ಹತ್ತು ವರ್ಷ ಚಿಕ್ಕವನು, ಆದರೂ ನನಗಿದ್ದ ಒಬ್ಬನೇ ಗೆಳೆಯ. ಸಾಯಂಕಾಲ ನಾನು ಕತ್ತಿ ಕತ್ತರಿಯ ಹಡಪ ಮುಚ್ಚಿ ಅವನ ಮರಗಳ ಬುಡಕ್ಕೆ ಹೋದರೆ ಅವನು ಇಳಿದು ಬಂದು, ನನಗೆ ತಾಳೆಗರಿಯ ದೊನ್ನೆಯಲ್ಲಿ ಹುಯ್ದು, ತಾನೂ ಕುಡಿದು, ಊರಿನವರನ್ನೆಲ್ಲ ಒಬ್ಬೊಬ್ಬರನ್ನಾಗಿ ಆಡಿಕೊಳ್ಳುತ್ತಿದ್ದ. ಹನ್ನೊಂದು ವರ್ಷ ಹಾಗೆ ನಡೆಯಿತು. ಮೂರನೆಯ ಹೆರಿಗೆಯಲ್ಲಿ ಅವನ ಹೆಂಡತಿ ಲಚ್ಚವ್ವ ಸತ್ತು ಬದುಕಿದಳು. ಇನ್ನೊಂದು ಬಸಿರು ಆಗಕೂಡದು, ಅವಳ ಮೈಗೆ ಆಪರೇಷನ್ನೂ ತಡೆಯದು ಎಂದರು ಡಾಕ್ಟರು. ಮುಂದಿನ ಕ್ಯಾಂಪಿನ ದಿನ ನಾನು ಬಿಸಿನೀರು ಇಟ್ಟುಕೊಂಡು ಕೂತಿದ್ದರೆ ಪರದೆ ಸರಿಸಿ ಬಂದವನು ಐಲಯ್ಯ.

ಅವನು ಮಲಗಿ ಚಾವಣಿ ನೋಡಿದ, ನಾನು ಕೆಲಸ ನೋಡಿದೆ. ಮುಗಿದ ಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡ.

"ಅಣ್ಣಾ, ಮರಕ್ಕೆ ಗೊತ್ತಾಗಬಾರದು."

ನಮ್ಮ ಕಡೆ ಸೇಂದಿಯವರಲ್ಲಿ ಹಾಗೊಂದು ನಂಬಿಕೆ. ಕತ್ತರಿಸಿಕೊಂಡವನು ಸೇಂದಿ ಒಸರುವ ಹೊಂಬಾಳೆ ಮುಟ್ಟಿದರೆ ಮರ ಬತ್ತುತ್ತದಂತೆ. ಮರಕ್ಕೆ ಅಷ್ಟೆಲ್ಲ ಬೇರೆ ಕೆಲಸವಿಲ್ಲವೇ ಎಂದು ಬೈಯಬೇಕೆನಿಸಿತು. ಆದರೆ ಅವನ ಕೈ ತಣ್ಣಗಿತ್ತು, ಬೈಯಲಿಲ್ಲ.

ಒಂದು ವಾರ ಮರ ಹತ್ತಬಾರದು ಎಂದರು ಡಾಕ್ಟರು. ಹೊಂಬಾಳೆಯ ತುದಿಯನ್ನು ದಿನಕ್ಕೆರಡು ಸಲ ಸವರದಿದ್ದರೆ ಅದು ಒಣಗಿಯೇ ಹೋಗುತ್ತದೆ. ಸೇಂದಿಯವರಲ್ಲಿ ಒಬ್ಬ ಕಾಯಿಲೆ ಬಿದ್ದರೆ ಉಳಿದವರು ಸರದಿಯ ಮೇಲೆ ಅವನ ಮರ ಹತ್ತಿಕೊಡುತ್ತಾರೆ, ಒಂದು ದೊನ್ನೆ ಸೇಂದಿಯನ್ನೂ ಕೇಳುವುದಿಲ್ಲ. ಆದರೆ ಯಾವ ಕಾಯಿಲೆ ಎಂದು ಹೇಳಬೇಕಲ್ಲ? ಅದಕ್ಕೆ ನಾನೇ ಸುಳ್ಳು ಕಟ್ಟಿದೆ. ಅಂಗಾಲಿನಲ್ಲಿ ಕುರು ಎದ್ದಿತ್ತು, ನಾನೇ ಕೊಯ್ದು ಕೀವು ತೆಗೆದೆ ಎಂದು ಊರಿಗೆಲ್ಲ ಸಾರಿ, ಅವನ ಕಾಲಿಗೆ ಅರಿಶಿನದ ಬಟ್ಟೆ ಸುತ್ತಿದೆ. ಎಲ್ಲರೂ ನಂಬಿದರು. ಎಂಟನೆಯ ದಿನ ಐಲಯ್ಯ ಸೊಂಟಕ್ಕೆ ಹಗ್ಗ ಬಿಗಿದು ಮರ ಹತ್ತಿದ. ಅಂದಿನಿಂದ ನನ್ನ ಹತ್ತಿರ ಮಾತು ಬಿಟ್ಟ.

ಜಗಳವಿಲ್ಲ, ಮುನಿಸಿಲ್ಲ. ಸಾಯಂಕಾಲ ನಾನು ಹೋದರೆ ಅವನು ಮರದ ಮೇಲೆಯೇ ಇರುತ್ತಿದ್ದ, ಕತ್ತಲಾದರೂ ಇಳಿಯುತ್ತಿರಲಿಲ್ಲ. ನಾಲ್ಕು ದಿನ ಹೋದೆ, ಐದನೆಯ ದಿನ ನಿಲ್ಲಿಸಿದೆ. ಮರುದಿನ ಬೆಳಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಒಂದು ಸಣ್ಣ ಮಡಕೆ ಸೇಂದಿ. ಅದರ ಮರುದಿನವೂ ಇತ್ತು. ಏಳು ವರ್ಷ ಒಂದು ದಿನ ತಪ್ಪದೆ ಆ ಮಡಕೆ ಬಂತು, ಅವನು ಬರಲಿಲ್ಲ. ಬಾಯಿ ಮುಚ್ಚಿಸಲು ಕೊಟ್ಟನೋ, ಹಳೆಯ ಪ್ರೀತಿಗೆ ಕೊಟ್ಟನೋ, ನನಗೆ ಗೊತ್ತಾಗಲಿಲ್ಲ. ಮೊದಲಿನದಾಗಿದ್ದರೆ ಅವನ ಮುಖಕ್ಕೆ ಎಸೆಯಬೇಕಿತ್ತು. ನಾನು ಎರಡನೆಯದೆಂದುಕೊಂಡು ಕುಡಿಯುತ್ತಿದ್ದೆ. ಆ ನಡುವೆ ಮಕ್ಕಳು ಮದುವೆಯಾಗಿ ಬೇರೆ ಊರು ಸೇರಿದರು, ನನ್ನ ಹೆಂಡತಿ ಕನಕವ್ವ ತೀರಿಕೊಂಡಳು. ಒಬ್ಬನೇ ಗೋಡೆಗೆ ಒರಗಿ ಕುಡಿಯುವ ಸೇಂದಿ ಹುಳಿ, ಮಧುರವಾಗಿ ಇಳಿಸಿದ್ದರೂ ಹುಳಿ.

ಆಮೇಲೆ ಲಚ್ಚವ್ವನೂ ಹೋದಳು. ಮಿದುಳುಜ್ವರ, ನಾಲ್ಕೇ ದಿನ. ಐಲಯ್ಯನ ತಲೆ ಬೋಳಿಸಿದವನು ನಾನೇ. ಆಗಲೂ ಅವನು ನೆಲ ನೋಡುತ್ತಿದ್ದ. ಒಂದು ಕಣ್ಣೀರು ನನ್ನ ಹೆಬ್ಬೆರಳಿನ ಮೇಲೆ ಬಿತ್ತು, ಒರೆಸಿಕೊಳ್ಳಲಿಲ್ಲ.

ಎರಡು ವರ್ಷ ಕಳೆದ ಮೇಲೆ, ಸಂಕ್ರಾಂತಿ ಮುಗಿದ ವಾರ, ಒಬ್ಬ ಪರ ಊರಿನ ಮನುಷ್ಯ ಬಂದು ನನ್ನ ಕುರ್ಚಿಯಲ್ಲಿ ಕೂತ. ಐವತ್ತೈದು ವಯಸ್ಸು, ಹೆಗಲ ಮೇಲೆ ಕಂಬಳಿ, ಹೆಸರು ಸಾಯಿಲು. ಗಡ್ಡಕ್ಕೆ ನೀರು ಹಚ್ಚುತ್ತಿದ್ದಂತೆ ತಾನಾಗಿಯೇ ಮಾತು ತೆಗೆದ.

"ಐಲಯ್ಯನಿಗೆ ನನ್ನ ಮಗಳನ್ನ ಕೇಳಿದ್ದಾರಣ್ಣಾ. ಊರ ಕ್ಷೌರದವನನ್ನ ಒಂದು ಮಾತು ಕೇಳದೆ ಹೆಣ್ಣು ಕೊಡೋದು ಹೇಗೆ? ಹುಡುಗನ ಮೈಯಲ್ಲಿ ಏನಾದ್ರೂ ಐಬಿದೆಯಾ?"

ನಮ್ಮಲ್ಲಿ ಅದು ಹಿಂದಿನಿಂದ ಬಂದ ಪದ್ಧತಿ. ಹೆಣ್ಣು ಕೊಡುವ ಮುಂಚೆ ಗಂಡಿನ ಊರಿನ ಅಗಸನನ್ನೂ ಕ್ಷೌರದವನನ್ನೂ ಕೇಳುತ್ತಾರೆ. ತೊನ್ನು, ಕಜ್ಜಿ, ಮೂರ್ಛೆ, ಎಲ್ಲ ನಮಗೆ ಗೊತ್ತಿರುತ್ತದೆ. ಕೇಳಿದಾಗ ಸುಳ್ಳು ಹೇಳಬಾರದು. ನನ್ನ ಅಪ್ಪ ಒಮ್ಮೆ ನಿಜ ಹೇಳಿ, ಗಂಡಿನ ಕಡೆಯವರಿಂದ ಹಲ್ಲು ಮುರಿಸಿಕೊಂಡಿದ್ದ.

ನಾನು ಕತ್ತಿ ಮಸೆದೆ. ಅದು ಐಬೇ? ನನ್ನ ಲೆಕ್ಕದಲ್ಲಿ ಅಲ್ಲ. ಹೆಂಡತಿ ಬದುಕಲಿ ಎಂದು ಹೋಗಿ ಮಲಗಿದವನಲ್ಲಿ ಏನು ಐಬು? ಡಾಕ್ಟರಿಗೆ ಕೊಟ್ಟ ಮಾತು ಬೇರೆ ಇತ್ತು, ಏಳು ವರ್ಷದ ಮಡಕೆ ಬೇರೆ ಇತ್ತು.

"ಐಬಿಲ್ಲ," ಎಂದೆ. "ಚಿನ್ನದಂಥ ಮನುಷ್ಯ."

ಸಾಯಿಲು ಕಣ್ಣು ಮುಚ್ಚಿಕೊಂಡ. ಸೋಪಿನ ನೊರೆಯ ಮೇಲೆ ಕಣ್ಣೀರು ಇಳಿಯಿತು.

"ನನ್ನ ಸ್ವರೂಪನ್ನ ಮೊದಲ ಗಂಡನ ಮನೆಯೋರು ಆರು ವರ್ಷ ಇಟ್ಕೊಂಡು ವಾಪಸ್ ಕಳಿಸಿದ್ರಣ್ಣಾ. ಗೊಡ್ಡು ಅಂದ್ರು. ನಾಮಕರಣಕ್ಕೂ ಯಾರೂ ಕರೆಯಲ್ಲ, ಸೀಮಂತಕ್ಕೂ ಕರೆಯಲ್ಲ ನನ್ನ ಮಗಳನ್ನ. ಐಲಯ್ಯನಿಗೆ ಮೂರು ಮಕ್ಕಳಿವೆ. ಮಕ್ಕಳಾಗೋ ಗಂಡಸು ಅಂತ ಗ್ಯಾರಂಟಿ. ಅದಕ್ಕೇ ಈ ಮನೆ ನೋಡಿದ್ದು. ಒಂದು ಕೂಸು ಹುಟ್ಟಿಬಿಟ್ರೆ ಅವಳ ಮೇಲಿನ ಆ ಹೆಸರು ಅಳಿಸಿ ಹೋಗುತ್ತೆ."

ನನ್ನ ಕತ್ತಿ ಅವನ ಗಂಟಲ ಮೇಲೆ ನಿಂತಿತು. ಆಡಿದ ಮಾತನ್ನು ಹೇಗೆ ವಾಪಸ್ ತೆಗೆದುಕೊಳ್ಳಲಿ? ಮಿಕ್ಕ ಕೆನ್ನೆ ಬೋಳಿಸಿ ಕಳಿಸಿಬಿಟ್ಟೆ.

ಅಂದು ಸಾಯಂಕಾಲವೇ ತಾಳೆತೋಪಿಗೆ ಹೋದೆ. ಐಲಯ್ಯ ಮರದ ತುದಿಯಲ್ಲಿದ್ದ, ಅಕ್ಕಪಕ್ಕದ ಮರಗಳಲ್ಲಿ ಇನ್ನಿಬ್ಬರು. ಕೆಳಗೆ ನಿಂತು ಕೂಗಿದೆ.

"ಐಲಯ್ಯಾ, ಇಳಿ. ಮಾತಾಡ್ಬೇಕು."

"ಅಲ್ಲಿಂದಾನೇ ಹೇಳಣ್ಣಾ."

"ಕೂಗಿ ಹೇಳೋ ಮಾತಾ ಅದು?"

ಅವನು ಮೇಲೆಯೇ ಮಡಕೆ ಬಿಚ್ಚಿದ, ಕಟ್ಟಿದ, ಮತ್ತೆ ಬಿಚ್ಚಿದ. ಪಕ್ಕದ ಮರದವನು "ಏನ್ ಮಾವಾ, ಬಾಕಿ ಕ್ಷೌರ ಇದೆಯಾ ಇವನ್ದು?" ಎಂದು ನಕ್ಕ. ನಾನು ಕತ್ತೆತ್ತಿ ನಿಂತೇ ಇದ್ದೆ. ಕತ್ತು ನೋಯಿತು, ಬುಡಕ್ಕೆ ಒರಗಿ ಕೂತೆ. ಉಳಿದಿಬ್ಬರು ಇಳಿದು ಸೈಕಲ್ ಹತ್ತಿ ಹೋದ ಮೇಲೆ ಐಲಯ್ಯ ಇಳಿದ. ನನ್ನಿಂದ ನಾಲ್ಕು ಮಾರು ದೂರದಲ್ಲಿ ನಿಂತ.

"ಹುಡುಗಿ ಅಪ್ಪ ಬಂದಿದ್ದ," ಎಂದೆ. "ಐಬಿಲ್ಲ ಅಂತ ಹೇಳಿ ಕಳಿಸಿದೆ."

"ಒಳ್ಳೇದಾಯ್ತು."

"ಏನು ಒಳ್ಳೇದು? ಅವಳು ಯಾಕೆ ಬರ್ತಿದ್ದಾಳೆ ಅಂತ ಗೊತ್ತೇನೋ ನಿನಗೆ? ಮಗು ಬೇಕಂತ."

"ಗೊತ್ತು."

"ಗೊತ್ತಿದ್ದೂ?"

ಐಲಯ್ಯ ಸೊಂಟದ ಹಗ್ಗ ಬಿಚ್ಚಿ ಸುತ್ತತೊಡಗಿದ. "ಮತ್ತೆ ಜೋಡಿಸ್ತಾರಾ ಅಂತ ಆಸ್ಪತ್ರೇಲಿ ಕೇಳ್ದೆ. ಹೈದರಾಬಾದಿಗೆ ಹೋಗ್ಬೇಕಂತೆ, ಹೋದ್ರೂ ಆಗುತ್ತೆ ಅಂತ ಹೇಳೋಕಾಗಲ್ವಂತೆ. ನಾನೇನು ಮಾಡ್ಲಿ? ಅವ್ವನ ಕಣ್ಣು ಹೋಗಿದೆ. ಮೂರು ಮಕ್ಕಳಿಗೆ ಅಂಬಲಿ ಕಾಸಿ ಮರಕ್ಕೆ ಬರೋ ಹೊತ್ತಿಗೆ ಬಿಸಿಲು ಏರಿರುತ್ತೆ. ಮನೇಲಿ ನನ್ನ ಹತ್ರ ಮಾತಾಡೋಕೆ ಒಂದು ಜೀವ ಇಲ್ಲ ಅಣ್ಣಾ."

"ನನ್ನ ಮನೇಲೂ ಇಲ್ಲ. ಹಾಗಂತ ಒಂದು ಹೆಣ್ಣಿಗೆ ಮೋಸ ಮಾಡ್ಲಾ?"

"ಮಗು ಆಗದಿದ್ರೆ ಯಾರೂ ನನ್ನನ್ನ ಕೇಳಲ್ಲ. ಅವಳ್ದೇ ಅಂತಾರೆ. ಹೇಗೂ ಆ ಹೆಸರು ಇದ್ದೇ ಇದೆಯಲ್ಲ ಅವಳಿಗೆ."

ಈ ಮಾತು ನನ್ನ ಐಲಯ್ಯನ ಬಾಯಿಂದ ಬಂತು. ಎದ್ದು ನಿಂತೆ. "ಥೂ ನಿನ್ನ! ಲಚ್ಚವ್ವನಿಗೋಸ್ಕರ ಕತ್ತಿ ಕೆಳಗೆ ಮಲಗಿದೋನು ನೀನೇನಾ? ಗಂಡಸು ಅಂತ ನಿನ್ನೊಬ್ಬನ್ನ ಅಂದ್ಕೊಂಡಿದ್ದೆ ಈ ಊರಲ್ಲಿ."

"ಗಂಡಸುತನದ ಮಾತು ನೀನಾಡಬೇಡ ಕೊಮುರಣ್ಣಾ," ಎಂದ, ಮೆಲ್ಲಗೆ. "ಅಷ್ಟು ಜನರನ್ನ ಬೋಳಿಸಿ ಒಳಗೆ ಕಳಿಸಿದೋನು ನೀನು. ನಿನ್ನ ಮನೇಲಿ ಯಾರನ್ನ ಕಳಿಸಿದೆ? ಕನಕವ್ವನ್ನ ತಾನೆ?"

ಕ್ಯಾಂಪು ಶುರುವಾದ ವರ್ಷವೇ ನನ್ನ ಸರದಿಯೂ ಬಂದಿತ್ತು. ನನಗೆ ಎಲ್ಲ ಗೊತ್ತಿತ್ತು. ಹೊಲಿಗೆ ಸಹ ಇಲ್ಲ, ಅರ್ಧ ಗಂಟೆಯಲ್ಲಿ ನಡೆದುಕೊಂಡು ಮನೆಗೆ ಹೋಗುತ್ತಾರೆ, ದನಿ ಬದಲಾಗುವುದಿಲ್ಲ. ಎಲ್ಲ ಗೊತ್ತಿದ್ದೂ ಕನಕವ್ವನನ್ನು ಜೀಪು ಹತ್ತಿಸಿದೆ. ಯಾಕೆ ಎಂದು ಅವಳು ಕೇಳಲಿಲ್ಲ. ಆಮೇಲೆ ಸಾಯುವ ತನಕ ನಡು ಹಿಡಿದುಕೊಂಡು ಏಳುತ್ತಿದ್ದಳು, ಕೂರುತ್ತಿದ್ದಳು. ನಾನು ಹೆದರಿದ್ದೆ, ಅಷ್ಟೆ. ಓದೇಲು ಏನೆಂದಾನು ಎಂದು ಹೆದರಿದ್ದೆ.

ಮನೆಗೆ ಬಂದೆ. ಮರುದಿನ ಹೊಸ್ತಿಲ ಮೇಲೆ ಮಡಕೆ ಎಂದಿನಂತೆ ಇತ್ತು. ಮುಟ್ಟಲಿಲ್ಲ. ಮಧ್ಯಾಹ್ನಕ್ಕೆ ಇರುವೆ ಮುತ್ತಿತು.

ಸಾಯಿಲುವಿನ ಊರಿಗೆ ಹೋಗಿ ಹೇಳಿಬಿಡೋಣವೆಂದು ಒಂದು ದಿನ ಬಸ್ಸನ್ನೂ ಹತ್ತಿದೆ. ಇಳಿದು ಅವರ ಊರಿನ ಕಟ್ಟೆಯ ಮೇಲೆ ಒಂದು ಗಂಟೆ ಕೂತು, ಬಂದ ಬಸ್ಸಿಗೇ ವಾಪಸಾದೆ. ಹೇಳಿದರೆ ಐಲಯ್ಯನ ಮರಗಳ ಗತಿ? ನಮ್ಮ ಸೇಂದಿಯವರು ಅವನನ್ನು ಬುಡಕ್ಕೂ ಬಿಡುವುದಿಲ್ಲ. ಹೇಳದಿದ್ದರೆ ಆ ಹೆಣ್ಣಿನ ಗತಿ? ಇಷ್ಟು ವರ್ಷ ಬಾಯಿ ಮುಚ್ಚಿದ್ದು ದೊಡ್ಡ ಗುಣವೆಂದು ನಾನೇ ನನ್ನ ಬೆನ್ನು ತಟ್ಟಿಕೊಂಡಿದ್ದೆ. ಈಗ ಆ ಗುಣ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು.

ಮದುವೆ ಐಲಯ್ಯನ ಅಂಗಳದಲ್ಲೇ ಇತ್ತು. ಎರಡನೆಯ ಸಂಬಂಧವಾದ್ದರಿಂದ ಸಣ್ಣ ಚಪ್ಪರ, ಐವತ್ತು ಜನ, ಒಂದು ಬುಟ್ಟಿ ಸಕಿನಾಲು ಚಕ್ಕುಲಿ, ಒಂದು ಡೋಲು. ನಮ್ಮಲ್ಲಿ ಮದುಮಕ್ಕಳ ಉಗುರು ತೆಗೆಯದೆ ಅರಿಶಿನದ ನೀರು ಹುಯ್ಯುವುದಿಲ್ಲ, ನೀರು ಹುಯ್ಯದೆ ತಾಳಿಯಿಲ್ಲ. ಆ ಕೆಲಸ ಮನೆತನದ ಕ್ಷೌರದವನದು. ನಾನು ಹಡಪ ಹಿಡಿದು ಹೋದೆ.

ಮೊದಲು ಹೆಣ್ಣನ್ನು ಮಣೆಯ ಮೇಲೆ ಕೂರಿಸಿದರು. ಸ್ವರೂಪಳಿಗೆ ಇಪ್ಪತ್ತೆಂಟು ಇರಬಹುದು. ಬೀಡಿ ಸುತ್ತಿ ಸುತ್ತಿ ಬೆರಳ ತುದಿಗಳು ಗಟ್ಟಿಯಾಗಿದ್ದವು. ಐಲಯ್ಯನ ಕಿರಿಯ ಮಗಳು ರಮ್ಯ ಬಂದು ಅವಳ ಸೀರೆಯ ಸೆರಗು ಹಿಡಿದು ನಿಂತಳು. ಸ್ವರೂಪ ನಾನು ಹಿಡಿಯದ ಕೈಯಿಂದ ಮಗುವಿನ ಮುಖದ ಮೇಲಿನ ಕೂದಲು ಹಿಂದಕ್ಕೆ ಸರಿಸಿದಳು. ಯಾರೂ ಅವಳಿಗೆ ಹಾಗೆ ಮಾಡು ಎಂದು ಹೇಳಿರಲಿಲ್ಲ.

ಹಾಡು ಹೇಳುತ್ತಿದ್ದ ಹೆಂಗಸೊಬ್ಬಳು ನನ್ನನ್ನು ಕಿಚಾಯಿಸಿದಳು: "ಕೊಮುರಯ್ಯ ಮಾವಾ, ಕತ್ತಿ ಮಸೆದಿಟ್ಕೋ. ಬರೋ ವರ್ಷ ಈ ಮನೇಲಿ ಒಂದು ಪುಟ್ಟ ತಲೆ ಬೋಳಿಸೋದಿದೆ!"

"ಒಂದ್ಯಾಕೆ, ಅವಳಿ ಜವಳಿ ಆಗ್ಲಿ, ತಲೆಗೊಂದರಂತೆ ಮಾವನಿಗೆ ಎರಡು ಸೀರೆ ಬಕ್ಷೀಸು ಸಿಗುತ್ತೆ," ಎಂದಳು ಇನ್ನೊಬ್ಬಳು.

"ಮಾವನಿಗ್ಯಾಕೇ ಸೀರೆ?"

ಎಲ್ಲರೂ ನಕ್ಕರು. ಸ್ವರೂಪಳೂ ನಕ್ಕಳು. ನಗುವಾಗ ಅವಳ ಕೈ ನನ್ನ ಕೈಯೊಳಗಿತ್ತು. ವರ್ಷಗಟ್ಟಲೆ ನಗದವಳು ನಕ್ಕ ಹಾಗಿತ್ತು ಅದು, ಬೆರಳುಗಳವರೆಗೂ ಬಂದಿತ್ತು. ಹತ್ತೂ ಉಗುರು ತೆಗೆದು ಅರಿಶಿನ ಹಚ್ಚಿದೆ. ಅವಳು ಎದ್ದಳು, ಐಲಯ್ಯ ಬಂದು ಕೂತು ಎರಡೂ ಕೈ ಮುಂದೆ ಚಾಚಿದ.

ನಾನು ಉಗುರುಗತ್ತಿಯನ್ನು ಒರೆಸಿ ಹಡಪದೊಳಗಿಟ್ಟು ಬಾರು ಬಿಗಿದೆ.

"ನನ್ನ ಕೈಲಾಗಲ್ಲ," ಎಂದೆ.

ಡೋಲು ನಿಂತಿತು. ಏನಾಯಿತು, ಯಾಕಾಗಲ್ಲ, ಕೈ ನೋವಾ ಎಂದು ನಾಲ್ಕು ಕಡೆಯಿಂದ ಕೇಳಿದರು. ಯಾಕೆ ಎಂದು ಕೇಳಬೇಡಿ ಎಂದೆ. ಐಲಯ್ಯನ ತಾಯಿ ನರ್ಸವ್ವ ಕಾಣದ ಕಣ್ಣನ್ನು ನನ್ನ ದನಿಯ ಕಡೆ ತಿರುಗಿಸಿ ಬೈಯತೊಡಗಿದಳು.

"ಲೋ ಕೊಮುರಾ, ನಿನ್ನ ಹೆಂಡ್ತಿ ಸತ್ತಳು ಅಂತ ಬೇರೆಯವರ ಮನೇಲಿ ದೀಪ ಹತ್ತಬಾರದೇನೋ? ಏಳು ವರ್ಷ ನನ್ನ ಮಗನ ಸೇಂದಿ ಕುಡಿದೋನು ನೀನು!"

ಓದೇಲು ಮೋಟರ್‌ಸೈಕಲ್ ಹತ್ತಿ ಪಕ್ಕದೂರಿನ ಸೆಲೂನಿನವನನ್ನು ಕರೆತರಲು ಹೊರಟ. ಸೆಲೂನಿನವನು ಬಂದು ಎರಡು ನಿಮಿಷದಲ್ಲಿ ಉಗುರು ಕತ್ತರಿಸಿದರೆ ನನ್ನ ಹಟದ ಬೆಲೆ ಏನು? ಆದರೂ ಬಾಯಿ ತೆರೆಯಲಿಲ್ಲ. ಹೇಳಬೇಕಾದವನು ನಾನಲ್ಲ. ಐಲಯ್ಯ ಮಣೆಯ ಮೇಲೆಯೇ ಕೂತಿದ್ದ. ಕೈಗಳು ಇನ್ನೂ ಚಾಚಿಕೊಂಡೇ ಇದ್ದವು. ಉಗುರಿನ ಸಂದಿನಲ್ಲಿ ಹೊಂಬಾಳೆಯ ಕಪ್ಪು ಕರೆ. ಅವನು ನನ್ನನ್ನು ನೋಡಿದ. ಏಳು ವರ್ಷದಲ್ಲಿ ಮೊದಲ ಸಲ ನೆಟ್ಟಗೆ ನನ್ನ ಕಣ್ಣನ್ನೇ ನೋಡಿದ.

ಮೋಟರ್‌ಸೈಕಲ್ಲಿನ ಸದ್ದು ಊರಾಚೆ ಹೋಗುತ್ತಿದ್ದಂತೆ ಎದ್ದ.

"ಸ್ವರೂಪಾ, ಒಂದು ನಿಮಿಷ ಬಾ."

ತಾಳಿ ಕಟ್ಟುವ ಮುಂಚೆ ಮದುಮಗ ಹೆಣ್ಣನ್ನು ಹೆಸರು ಹಿಡಿದು ಕರೆದದ್ದಕ್ಕೆ ಹೆಂಗಸರು ಬಾಯಿ ಮುಚ್ಚಿಕೊಂಡರು. ಅವಳು ಅಪ್ಪನ ಮುಖ ನೋಡಿ, ಹೋದಳು. ಮಡಕೆಗಳನ್ನು ಒಟ್ಟಿರುವ ಗುಡಿಸಲ ಹಿಂದೆ ಇಬ್ಬರೂ ನಿಂತರು. ನಮಗೆ ಕಾಣುತ್ತಿದ್ದದ್ದು ಅವಳ ಹಳದಿ ಸೀರೆಯ ಅಂಚು ಮಾತ್ರ. ಅದು ಅಲುಗಲಿಲ್ಲ. ತುಂಬ ಹೊತ್ತು ಅಲುಗಲಿಲ್ಲ.

ವಾಪಸ್ ಬಂದವಳು ಅಪ್ಪನ ಕಿವಿಯಲ್ಲಿ ಏನೋ ಹೇಳಿದಳು. ಸಾಯಿಲು ಮೊದಲು ಐಲಯ್ಯನ ಕಡೆ ನೋಡಲಿಲ್ಲ, ನನ್ನ ಹತ್ತಿರ ಬಂದ. ಹೊಡೆಯುತ್ತಾನೆಂದುಕೊಂಡೆ. ಹೊಡೆದಿದ್ದರೆ ವಾಸಿಯಿತ್ತು.

"ನಾನು ಕೇಳಿದ್ನಲ್ಲಣ್ಣಾ ನಿನ್ನ," ಎಂದ. "ನಿನ್ನನ್ನೇ ಕೇಳಿದ್ನಲ್ಲ."

ಆಮೇಲೆ ಚಪ್ಪರದಲ್ಲಿ ಗಲಾಟೆ ಎದ್ದಿತು. ಐಲಯ್ಯ ಅದರ ನಡುವೆ ನಿಂತು, ಮರದ ಮೇಲಿಂದ ಕೂಗುವ ದನಿಯಲ್ಲಿ, "ನಾನು ಆಪರೇಷನ್ ಮಾಡಿಸ್ಕೊಂಡಿದ್ದೀನಿ, ಲಚ್ಚಿ ಬದುಕಲಿ ಅಂತ. ತಪ್ಪು ಆಪರೇಷನ್ ಅಲ್ಲ, ಮುಚ್ಚಿಟ್ಟಿದ್ದು," ಎಂದ. ಯಾರೋ ಕಿಸಕ್ಕೆಂದರು. ಸ್ವರೂಪ ರಮ್ಯಳ ಕೈಯಿಂದ ಸೆರಗು ಬಿಡಿಸಿಕೊಂಡು, ಮಗುವಿಗೆ ಎರಡು ಸಕಿನಾಲು ಕೊಟ್ಟು, ಅಪ್ಪನ ಹಿಂದೆ ಆಟೋ ಹತ್ತಿದಳು. ಅವಳ ಹತ್ತು ಬೆರಳಿಗೂ ಅರಿಶಿನ ಹಾಗೇ ಇತ್ತು. ಸೆಲೂನಿನವನು ಬಂದಾಗ ಅಂಗಳದಲ್ಲಿ ಕೋಳಿಗಳು ಮಾತ್ರ ಇದ್ದವು.

ಮರುದಿನದಿಂದ ನನ್ನ ಹೊಸ್ತಿಲಿಗೆ ಮಡಕೆ ಬರಲಿಲ್ಲ.

ಸೇಂದಿಯವರು ಹುಣಸೆಮರದ ಕೆಳಗೆ ಕೂಡಿ, ಒಂದು ಬೇಸಗೆ ನೋಡೋಣ, ಅವನ ಮರಗಳು ಬತ್ತಿದರೆ ಹೊರಗೆ ಹಾಕೋಣ ಎಂದು ತೀರ್ಮಾನ ಮಾಡಿದರು. ದಿನಾ ಸಾಯಂಕಾಲ ಇಬ್ಬರು ಹೋಗಿ ಐಲಯ್ಯನ ಮಡಕೆಗಳನ್ನು ಎತ್ತಿ ಎತ್ತಿ ನೋಡುತ್ತಿದ್ದರು. ಏಳು ವರ್ಷದಿಂದ ಅದೇ ಕೈ ಆ ಹೊಂಬಾಳೆ ಸವರುತ್ತಿತ್ತು ಎನ್ನುವುದು ಒಬ್ಬನ ತಲೆಗೂ ಹೊಳೆಯಲಿಲ್ಲ. ಮರಗಳು ಎಂದಿನಂತೆ ಸುರಿಸಿದವು. ಬೇಸಗೆ ಮುಗಿಯುವ ಹೊತ್ತಿಗೆ ಅವರೇ ಆ ಸೇಂದಿ ಕುಡಿದು ಮನೆಗೆ ಹೋಗುತ್ತಿದ್ದರು. ಆದರೆ ಐಲಯ್ಯನ ಪಕ್ಕದಲ್ಲಿ ಕೂತು ಯಾರೂ ಕುಡಿಯಲಿಲ್ಲ. ದೊನ್ನೆ ಹಿಡಿದುಕೊಂಡು ಇನ್ನೊಂದು ಮರದ ನೆರಳಿಗೆ ಹೋಗುತ್ತಿದ್ದರು. ನಾನು ನನ್ನ ಅಂಗಡಿಯಲ್ಲಿ ಬೆಕ್ಕಿನ ಜೊತೆ ಇದ್ದೆ, ಅವನು ಅವನ ತೋಪಿನಲ್ಲಿ ಮರಗಳ ಜೊತೆ ಇದ್ದ. ನಡುವೆ ಅರ್ಧ ಮೈಲಿ ದಾರಿ. ನನಗೆ ಅವನ ಹತ್ತಿರ ಹೋಗುವ ಮುಖವಿರಲಿ, ಆಸೆಪಡುವ ಧೈರ್ಯವೂ ಇರಲಿಲ್ಲ.

ಮಳೆಗಾಲದ ಮೊದಲ ಸಂತೆಯ ದಿನ. ಬೀದಿ ತುಂಬ ಜನ, ಓದೇಲುವಿನ ಬೆಂಚಿನ ಮೇಲೆ ಜಾಗವಿಲ್ಲ. ನಡು ಮಧ್ಯಾಹ್ನ ಐಲಯ್ಯ ಬೀದಿಯ ನಡುವೆಯೇ ನಡೆದು ಬಂದ. ಕುರ್ಚಿಯ ಮೇಲಿದ್ದ ಬೆಕ್ಕನ್ನು ಎತ್ತಿ ಕೆಳಗಿಟ್ಟು, ಬಾಗಿಲಿಗೆ ಮುಖ ಮಾಡಿ ಕೂತ.

"ಗಡ್ಡ ತೆಗಿ."

ನಾನು ನೀರು ಹಚ್ಚಿದೆ. ಎದುರಿನಿಂದ ಕೂಗು ಬಂದೇ ಬಂತು: "ಏನ್ ಕೊಮುರಯ್ಯಾ, ಮೇಲೆ ಮಾತ್ರಾನಾ, ಕೆಳಗೂನಾ?"

ಬೆಂಚಿನವರು ನಗಲು ಬಾಯಿ ತೆರೆದರು. ಐಲಯ್ಯ ಕತ್ತು ತಿರುಗಿಸದೆ ಹೇಳಿದ: "ಕೆಳಗಿಂದು ಏಳು ವರ್ಷದ ಹಿಂದೇನೇ ಆಯ್ತು ಓದೇಲು. ನಿಂದು ಯಾವಾಗ?"

ಓದೇಲು ಟೀ ಸೋಸುವುದರಲ್ಲಿ ಮುಳುಗಿದ. ಬೆಂಚಿನ ಮೇಲಿದ್ದವರಲ್ಲಿ ಇಬ್ಬರು ನನ್ನ ಹತ್ತೊಂಬತ್ತರ ಪೈಕಿಯವರು. ಅವರು ತಮ್ಮ ಲೋಟದೊಳಗೆ ನೋಡಿಕೊಂಡರು.

ನಾನು ಒಂದು ಕೆನ್ನೆ ಮುಗಿಸಿದೆ. ಕತ್ತಿಯ ನೊರೆ ಒರೆಸಿಕೊಂಡೆ. ಕೇಳಬೇಕೋ ಬೇಡವೋ ಎಂದುಕೊಂಡೇ ಕೇಳಿದೆ: "ಅವತ್ತು ಗುಡಿಸಲ ಹಿಂದೆ ಏನು ಹೇಳ್ದೆ ಅವಳಿಗೆ?"

"ಇದ್ದದ್ದು ಇದ್ದ ಹಾಗೆ ಹೇಳ್ದೆ."

"ಅವಳು?"

ಕತ್ತಿ ಗಂಟಲ ಹತ್ತಿರವಿತ್ತು. ನಾನು ತೆಗೆಯುವವರೆಗೆ ಅವನು ಕಾದ.

"'ನನ್ನ ಗಂಡನ್ನ ಆರು ವರ್ಷ ಕಾಲು ಹಿಡಿದು ಕೇಳ್ಕೊಂಡೆ, ಒಂದ್ಸಲ ನೀನೂ ಡಾಕ್ಟರ್ ಹತ್ರ ಬಾ ಅಂತ. ಬರ್ಲಿಲ್ಲ. ನೀನು ಹೆಂಡ್ತಿಗೋಸ್ಕರ ನೀನಾಗೇ ಹೋಗಿದ್ದೀಯ' ಅಂದ್ಳು." ಅವನು ಕನ್ನಡಿಯಲ್ಲಿ ತನ್ನ ಅರ್ಧ ಬೋಳಿಸಿದ ಮುಖ ನೋಡಿಕೊಂಡ. "'ಹೆಣ್ಣು ನೋಡೋಕೆ ಬಂದ ದಿನಾನೇ ಇದನ್ನ ಹೇಳಿದ್ದಿದ್ರೆ, ಮಗು ಇಲ್ದಿದ್ರೂ ನಾನು ಬರ್ತಿದ್ನೇನೋ' ಅಂದ್ಳು. ಅಂದು, ಹೋದ್ಳು."

ನಾನು ಇನ್ನೊಂದು ಕೆನ್ನೆಗೆ ನೀರು ಹಚ್ಚಿದೆ. ಅಂದು ಸಾಯಿಲುವಿಗೆ ನಾನು, 'ಹೋಗಿ ಅವನನ್ನೇ ಕೇಳು' ಎಂದಿದ್ದರೂ ಸಾಕಿತ್ತು. ಮೂರು ಮಕ್ಕಳಿಗೆ ಈಗ ಅಂಬಲಿ ಕಾಸುವವಳೊಬ್ಬಳು ಇರುತ್ತಿದ್ದಳು. ಈ ಮಾತನ್ನೂ ಅವನಿಗೆ ಹೇಳಿದೆ. ಅವನು ಹೂಂ ಅಂದ.

ಮುಗಿಸಿ ಮುಖ ಒರೆಸಿದೆ. ಐಲಯ್ಯ ಏಳಲಿಲ್ಲ. ಎರಡೂ ಕೈಯನ್ನು ಮುಂದೆ ಚಾಚಿದ.

"ಉಗುರೂ ತೆಗೆದುಬಿಡು ಅಣ್ಣಾ."

ನಾನು ಹಡಪದ ತಳದಿಂದ ಉಗುರುಗತ್ತಿ ಹುಡುಕಿ ತೆಗೆದೆ, ಅಂದಿನಿಂದ ಅದನ್ನು ಮುಟ್ಟಿರಲಿಲ್ಲ. ಅವನ ಕೈಯನ್ನು ನನ್ನ ಮೊಣಕಾಲ ಮೇಲಿಟ್ಟುಕೊಂಡೆ. ಸಂತೆಯ ಜನ ನೋಡಿಕೊಂಡು ಹೋಗುತ್ತಿದ್ದರು. ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದಾಗಿ ಹತ್ತನ್ನೂ ತೆಗೆದೆ.